ದೊಡ್ಡಮ್ಮ ಗೆದ್ದ ಆಟ

ತೊಡದೇವಿನ ಪೊಟ್ಟಣ ಬಿಚ್ಚಿದರೆ ಈಗಲೂ ಇಸಳೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ದೊಡ್ಡಮ್ಮ ಒಲೆಯ ಮೇಲೆ ಬೋರಲು ಹಾಕಿದ ಮಡಕೆಗೆ ಹಿಟ್ಟು ಸವರಿ, ಆ ಸಿಹಿತಿಂಡಿಯ ಕಾಗದದಂಥ ಸುಡುವ ಹಾಳೆಗಳನ್ನು ಬರಿಗೈಯಲ್ಲೇ ಎಬ್ಬಿಸಿ ಮಡಚುತ್ತಿದ್ದಳು. ಪಕ್ಕದಲ್ಲಿ ಕುಳಿತ ನಾನು ಫೋನಿನಲ್ಲಿ, ಗುಹೆಯಿಂದ ಇಣುಕುವ ರಾಕ್ಷಸ ಮರಿಗಳನ್ನು ಮುಟ್ಟಿ ಮಾಯ ಮಾಡುತ್ತಿದ್ದೆ.

“ಕೊಡೇ ಕೂಸೆ, ಆನೂ ಒಂದ್ಸಲ ಆಡ್ತೆ,” ಎಂದಳು. ಕೈ ಒರೆಸಿಕೊಂಡು ಚಕಚಕನೆ ಒತ್ತಿದಳು. ಒಂದು ಮರಿಯೂ ಮಾಯವಾಗಲಿಲ್ಲ. ಬಿಸಿಗೆ ಗಟ್ಟಿಯಾದ ಆ ಬೆರಳ ತುದಿಗಳು ಪರದೆಗೆ ತಿಳಿಯುತ್ತಲೇ ಇರಲಿಲ್ಲ.

“ಇವಕ್ಕೆ ಯನ್ನ ಕಂಡ್ರೆ ಹೆದರಿಕೇನೇ ಇಲ್ಲೆ!” ಎಂದು ನಕ್ಕಳು. ಆದರೆ ಫೋನು ವಾಪಸು ಕೊಡಲಿಲ್ಲ. ನನ್ನ ತೋರುಬೆರಳನ್ನು ಹಿಡಿದು, ಅದರಿಂದಲೇ ಒತ್ತತೊಡಗಿದಳು. ಮರಿ ನನಗೆ ಕಾಣುವ ಮೊದಲೇ ಮಾಯವಾಗಿರುತ್ತಿತ್ತು. ನನ್ನ ದಾಖಲೆ ಮುರಿಯಿತು. ಗೆದ್ದವರ ಹೆಸರು ಬರೆಯಲು ಆಟ ಕೇಳಿತು.

“ನಿಂದೇ ಬರಿ. ಬೆರಳು ನಿಂದಲ್ದಾ?”

“ಆಡಿದ್ದು ನೀನು. ನಿನ್ನ ಹೆಸರೆಂತ ದೊಡ್ಡಮ್ಮ?” ಅಲ್ಲಿಯವರೆಗೆ ನಾನು ಕೇಳಿರಲೇ ಇಲ್ಲ.

“ಯಾವ್ದು ಬೇಕೇ? ಮದುವೇಲಿ ಇಟ್ಟಿದ್ದಾ, ಅಪ್ಪನ ಮನೇದಾ?”

“ನಿಂಗೆ ಯಾವ್ದು ಇಷ್ಟ?”

ಒಲೆಯ ಕಟ್ಟಿಗೆಯನ್ನು ಒಂದಿಷ್ಟು ಹಿಂದೆ ಎಳೆದಳು.

“ಅಪ್ಪನ ಮನೇದೇ ಇರ್ಲಿ. ಯಮುನಾ,” ಎಂದಳು, ಒಳಗಿದ್ದ ಯಾರನ್ನೋ ಕರೆಯುವ ಹಾಗೆ.