ಹೋತದ ಒಪ್ಪಿಗೆ

ನೆನೆದ ಆಡಿನ ವಾಸನೆ ಮೂಗಿಗೆ ಬಡಿದರೆ ನನಗೆ ಈಗಲೂ ನಗು ಬರುತ್ತದೆ.

ನಮ್ಮೂರು ತಿಕೋಂಡಿಯಲ್ಲಿ ನಾನು ಸಾಕಿದ ಹೋತವನ್ನು ದೇವಿಗೆ ಬಲಿ ಕೊಡುತ್ತೇನೆಂದು ಕಾಕಾ ಹರಕೆ ಹೊತ್ತಿದ್ದ. ಬೆನ್ನಿಗೆ ನೀರು ಹಾಕಿದಾಗ ಅದು ಮೈ ಝಾಡಿಸಿದರೆ ಒಪ್ಪಿಕೊಂಡಂತೆ. ಇಲ್ಲದಿದ್ದರೆ ಕತ್ತಿ ಎತ್ತುವಂತಿಲ್ಲ. ಕಾಕಾ ತಂಬಿಗೆಗಟ್ಟಲೆ ನೀರು ಸುರಿದ. ಹೋತ ಮೆಲುಕು ಹಾಕುತ್ತ ನಿಂತಿತ್ತು. ನಾನು ಅದರ ಬೆನ್ನನ್ನೇ ನೋಡುತ್ತಿದ್ದೆ.

“ಕಿವ್ಯಾಗ ಹಾಕ್ರಿ, ಲಗೂನ ಒಪ್ಪತೈತಿ,” ಅಂದ ಪಕ್ಕದ ಮನೆಯವ.

“ಹಂಗ ಕೇಳಿದ್ರ ಯಾರ್ ಒಲ್ಲೆ ಅಂತಾರೋ?” ಅಂದಳು ಅಜ್ಜಿ.

ಕಾಕಾ ಸಿಟ್ಟಿಗೆದ್ದು ತುಂಬಿದ ಕೊಡವನ್ನೇ ಎತ್ತಿದ. ಹೋತ ಅವನ ಮೊಣಕಾಲಿಗೆ ಗುದ್ದಿತು. ಕೊಡ ಅವನ ತಲೆಯ ಮೇಲೆಯೇ ಬೋರಲಾಯಿತು. ತಣ್ಣೀರಿಗೆ ಕಾಕಾ ಗಡಗಡ ನಡುಗಿ ಮೈ ಝಾಡಿಸಿದ.

ಅಜ್ಜಿ ಕೈಮುಗಿದಳು. “ಯವ್ವಾ ತಾಯಿ, ಹೋತ ಒಲ್ಲೆ ಅಂತೈತಿ. ನನ್ನ ಮಗ ಒಪ್ಪ್ಯಾನ ನೋಡು!”

ಅವತ್ತು ಬಾಡೂಟಕ್ಕೆಂದು ಬಂದ ಬೀಗರೆಲ್ಲ ಬದನೆಕಾಯಿ ಪಲ್ಯ ಉಂಡು ಹೋದರು.