ಮಾತಿಗೆ ಓಡುವ ಕಾರು

ಪೆಟ್ರೋಲು ಮುಗಿದು ಕಾರುಗಳು ಮಾತಿನ ಮೇಲೆ ಓಡತೊಡಗಿದಾಗ ಹುಬ್ಬಳ್ಳಿಯ ಜವಳಿ ವ್ಯಾಪಾರಿ ಗುರುಶಾಂತಪ್ಪ ಕಾರಿನ ಆಸೆಯನ್ನೇ ಬಿಟ್ಟಿದ್ದ. ದಿನವಿಡೀ ಗಿರಾಕಿಗಳ ಮುಂದೆ ಬಾಯಿ ಸೋತು ಬರುವವನು ಮನೆಯಲ್ಲಿ ಹೆಂಡತಿಯೊಡನೆ "ಊಟಾತೇನು" ಅನ್ನುವುದೇ ಹೆಚ್ಚು. ಅಂಥವರಿಗೆಂದೇ ಈಗ ಐಷಾರಾಮಿ ಸೆಡಾನಿಗೆ ದೊಡ್ಡ ಇಂಜಿನ್ ಬಂದಿತ್ತು.

"ಇದಕ್ಕ ಒಂದು ಮಾತು ಸಾಕ್ರೀ, ಬೆಳಗಾವಿ ಮುಟ್ಟಸ್ತೈತಿ," ಎಂದಳು ಶೋರೂಮಿನ ತಬಸ್ಸುಮ್. "ಸಣ್ಣ ಇಂಜಿನ್ನಿಗೆ ಹಾದಿ ತುಂಬ ಮಾತಾಡ್ಕೊಂತ ಇರಬೇಕು."

"ದೊಡ್ಡದ ಇರ್ಲಿ," ಎಂದ ಗುರುಶಾಂತಪ್ಪ. ಆದರೆ ಓಡಿಸಿ ನೋಡಲು ಅಂದು ಸಣ್ಣ ಇಂಜಿನ್ನಿನ ಕಾರೊಂದೇ ಇತ್ತು.

ಹೆಂಡತಿ ನೀಲಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟ. "ಬಿಸಲು ಭಾಳ ಐತಿ" ಎಂಬ ಮಾತಿಗೆ ಉಣಕಲ್ ಕೆರೆಯವರೆಗೆ ಬಂದ ಕಾರು ನಡುರಸ್ತೆಯಲ್ಲಿ ನಿಂತೇಬಿಟ್ಟಿತು. ಹಿಂದೆ ಹಾರ್ನುಗಳ ಗದ್ದಲ. ಬೆವರುತ್ತ, ನೆನಪಿಗೆ ಬಂದದ್ದನ್ನು ಕೇಳಿದ: "ನಿನ್ನ ಹಲ್ಲುನೋವು ಹೆಂಗೈತಿ?"

"ಹಲ್ಲು ಕೀಳಿಸಿ ವರ್ಷಾತ್ರೀ."

ಕಾರು ಮುಂದಕ್ಕೆ ಜಿಗಿಯಿತು.

"ಯಾರ ಜೊತಿ ಹೋಗಿದ್ದಿ?"

"ಒಬ್ಬಾಕಿನ," ಎನ್ನುತ್ತ ನೀಲಮ್ಮ ಅಂದು ಕುರ್ಚಿಯಲ್ಲಿ ಕೂತು ತಾನು ಅತ್ತದ್ದನ್ನು, ಡಾಕ್ಟರೇ ಗಾಬರಿಬಿದ್ದು ಚಹಾ ತರಿಸಿದ್ದನ್ನು ನಗುತ್ತ ಹೇಳತೊಡಗಿದಳು. ಕಾರು ಧಾರವಾಡ ಮುಟ್ಟಿ ಶೋರೂಮಿಗೆ ವಾಪಸು ಬಂದರೂ ಅವಳ ಮಾತು ನಿಂತಿರಲಿಲ್ಲ.

"ದೊಡ್ಡ ಇಂಜಿನ್ನ ಬುಕ್ ಮಾಡ್ಲೇನ್ರೀ?" ತಬಸ್ಸುಮ್ ಕಿಟಕಿಗೆ ಬಗ್ಗಿದಳು.

"ಬ್ಯಾಡ ತಂಗಿ, ಸಣ್ಣದ ಸಾಕು," ಎಂದ ಗುರುಶಾಂತಪ್ಪ, ಕಾರನ್ನು ಮತ್ತೆ ರಸ್ತೆಯ ಕಡೆಗೇ ತಿರುಗಿಸುತ್ತ. "ಈಕಿದಿನ್ನೂ ಮುಗದಿಲ್ಲ."