ಜೀಪಿಗೆ ಅಡ್ಡ ನಿಂತ ಅವ್ವ

ಕೆಂಪು ಬಾಳೆಹಣ್ಣಿನ ವಾಸನೆ ಬಂದರೆ ಇಂದಿಗೂ ನನಗೆ ಕಮಲಾಪುರದ ಆ ಮಧ್ಯಾಹ್ನ ನೆನಪಾಗುತ್ತದೆ.

ನನಗಾಗ ಎಂಟು ವರ್ಷ. ಕಲಬುರಗಿಯಲ್ಲಿ ವಕೀಲೆಯಾಗಿದ್ದ ಅವ್ವ ಒಂದು ಫೋನ್ ಬಂದೊಡನೆ ಕರಿಕೋಟನ್ನು ಕೈಯಲ್ಲೇ ಹಿಡಿದು, ನನ್ನನ್ನೂ ಎಳೆದುಕೊಂಡು ಬಸ್ಸು ಹತ್ತಿದಳು. ಬರ್ಮಾದಿಂದ ಜೀವ ಉಳಿಸಿಕೊಂಡು ಬಂದು, ಕಮಲಾಪುರದ ಬಾಳೆ ತೋಟದಲ್ಲಿ ದುಡಿಯುತ್ತಿದ್ದ ಕರೀಮನನ್ನು ದೇಶದಿಂದ ಹೊರಗೆ ಕಳಿಸಲು ಪೊಲೀಸ್ ಜೀಪು ಬಂದಿತ್ತು. ಅವನಾಗಲೇ ಒಳಗೆ ಕೂತಿದ್ದ. ಹೆಂಡತಿ ಸಲ್ಮಾ ಹಿಡಿದ ಜೀಪಿನ ಬಾಗಿಲು ಬಿಟ್ಟಿರಲಿಲ್ಲ. ಬಾಳೆಯ ಅಂಟು ಹತ್ತಿ ಅವಳ ಬೆರಳು ಕಪ್ಪಾಗಿದ್ದವು.

ಅವ್ವ ಜೀಪಿಗೆ ಅಡ್ಡ ನಿಂತಳು. "ಆರ್ಡರ್ ಎಲ್ಲದರೀ? ತೋರಸ್ರಿ."

"ಇವ್ರು ನಮ್ಮ ದೇಶದವ್ರಲ್ರೀ ಮೇಡಂ. ಇವ್ರಿಗೇನ್ ಹಕ್ಕದ?" ಎಂದ ಅಧಿಕಾರಿ.

"ಮನುಷ್ಯಾರು ಹೌದಲ್ರೀ? ಕಾಯ್ದೆಗೆ ಅಷ್ಟು ಸಾಕು. ಕೋರ್ಟ್ ಕೇಳೂತನಕ ಎಲ್ಲಿಗೂ ಕಳಸಾಕ ಬರಂಗಿಲ್ಲ."

ಡ್ರೈವರ್ ಇಂಜಿನ್ ಶುರು ಮಾಡಿದ. ಅವ್ವ ಕದಲಲಿಲ್ಲ. ಕೈಯಲ್ಲಿದ್ದ ಕರಿಕೋಟನ್ನು ತೊಟ್ಟುಕೊಂಡಳು.

ಅಧಿಕಾರಿ ದೂರ ಹೋಗಿ ಯಾರಿಗೋ ಫೋನ್ ಮಾಡಿ ಬಂದ. "ಆಯ್ತ್ರೀ, ಕೋರ್ಟಿಗೇ ಒಯ್ತೀವಿ."

"ನಾನೂ ಬರ್ತೀನಿ," ಎಂದ ಅವ್ವ ಸಲ್ಮಾಳ ಕಡೆ ತಿರುಗಿದಳು. "ನನ್ನ ಮಗಳ್ನ ನೋಡ್ಕೋ."

ಸಲ್ಮಾ ಬಾಗಿಲು ಬಿಟ್ಟು ನನ್ನ ಕೈ ಹಿಡಿದಳು. ಜೀಪು ಹೋಯಿತು. ಅವಳು ಉಣ್ಣಲಿಲ್ಲ, ನನ್ನ ಕೈಯನ್ನೂ ಬಿಡಲಿಲ್ಲ.

ಹೊತ್ತು ಮುಳುಗುವಾಗ ಬಸ್ಸಿನಿಂದ ಅವ್ವ ಇಳಿದಳು, ಹಿಂದೆ ಕರೀಮ. ಅವನನ್ನು ಕಳಿಸಬಾರದೆಂದು ಕೋರ್ಟು ತಡೆಯಾಜ್ಞೆ ಕೊಟ್ಟಿತ್ತು. ಸಲ್ಮಾ ಗಂಡನ ಕಡೆ ಓಡಲಿಲ್ಲ. ಮೊದಲು ನನ್ನ ಕೈಯನ್ನು ಅವ್ವನ ಕೈಯೊಳಗಿಟ್ಟು, "ನಿಮ್ಮ ಮಗಳು, ಅಕ್ಕಾ," ಎಂದಳು. ಆಮೇಲೆ ಅಲ್ಲಿಯೇ ನೆಲಕ್ಕೆ ಕುಸಿದು ಅತ್ತಳು.